ಅಳಿಸಿದ ಮಾವ, ಉಳಿಸಿದ ಅಳಿಯ

ಕಂಪ್ಯೂಟರ್ ಯಾಕೋ ತೆವಳುತ್ತಿದೆ ಎಂದು ಚಾಳೀಸು ಪಕ್ಕದ ಮನೆಯ ವಿಮಾ ಏಜೆಂಟನ ಮುಂದೆ ಬಾಯಿಬಿಟ್ಟದ್ದೇ ತಪ್ಪಾಯಿತು.

“ಒಂದ್ಸಲ ಪೂರ್ತಿ ತೊಳೆದುಬಿಡ್ರೀ! ಹೊಸ ಮದುಮಗನ ಹಾಗೆ ಓಡುತ್ತೆ.”

“ಒಳಗಿರೋದೆಲ್ಲಾ ಹೋಗಲ್ವಾ?”

“ಬ್ಯಾಕಪ್ ಇದೆ ತಾನೆ? ಬ್ಯಾಕಪ್ ಅಂದ್ರೆ ಕಂಪ್ಯೂಟರಿನ ವಿಮೆ ಕಣ್ರೀ!”

ಕನ್ನಡಕದಂಗಡಿ ಇಟ್ಟ ತಪ್ಪಿಗೆ ಬೀದಿಯವರಿಂದ ಚಾಳೀಸು ಎನಿಸಿಕೊಂಡ ಈ ಬಡಪಾಯಿ ದಿನವಿಡೀ ಪರರಿಗೆ ಸಣ್ಣ ಅಕ್ಷರ ಓದಿಸುವವನು. ವಿಮೆ ಎಂದಮೇಲೆ ಅದರಲ್ಲೂ ಸಣ್ಣ ಅಕ್ಷರಗಳಿರುತ್ತವೆ ಎಂಬುದು ಅವನಿಗೇ ಹೊಳೆಯಲಿಲ್ಲ. ಅಂಗಡಿಗೆ ರಜೆ, ಹೆಂಡತಿ ಕೆಲಸಕ್ಕೆ ಹೋಗಿದ್ದಾಳೆ. ತೊಳೆದೇಬಿಟ್ಟ.

ಬ್ಯಾಕಪ್ ಪೆಟ್ಟಿಗೆ ಸಿಕ್ಕಿಸಿ ‘ಮರಳಿ ತಾ’ ಎಂದು ಒತ್ತಿದರೆ ಪರದೆ ಹೇಳಿತು: ‘ಇದು ಹಳೆಯ ಆವೃತ್ತಿಯ ಬ್ಯಾಕಪ್. ಗುರುತು ಸಿಗುತ್ತಿಲ್ಲ.’ ಬಡ್ತಿ ಸಿಕ್ಕ ಮಾರನೆಯ ದಿನ ಹಳೇ ಗೆಳೆಯನನ್ನು ಕಂಡು ‘ತಾವ್ಯಾರು?’ ಎನ್ನುವ ಅಧಿಕಾರಿಯ ಗತ್ತು ಅದಕ್ಕೆ.

ಚಾಳೀಸು ಮತ್ತೆ ಮತ್ತೆ ಒತ್ತಿದ. ಒಳಗಿದ್ದದ್ದು ಮಾವನ ಸ್ವರ! ಮಾವ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತೇ ನಿವೃತ್ತರಾದವರು. ತಮ್ಮ ಜೀವನ ಚರಿತ್ರೆಯನ್ನೂ ಅದೇ ಧಾಟಿಯಲ್ಲಿ ಹೇಳಿ ಧ್ವನಿಮುದ್ರಿಸಿದ್ದರು: “ಗಮನಿಸಿ, ಗಮನಿಸಿ. ನಾನು ಹುಟ್ಟಿದ್ದು ನಿಗದಿತ ಸಮಯಕ್ಕಿಂತ ಒಂದು ವಾರ ತಡವಾಗಿ. ಅಡಚಣೆಗಾಗಿ ತಾಯಿಯವರಲ್ಲಿ ವಿಷಾದಿಸುತ್ತೇನೆ.” ಅದಾದಮೇಲೆ ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿ ಈಗ ಉಳಿದಿರುವುದು ಬರೀ ಪಿಸುಮಾತು. ಇನ್ನೊಮ್ಮೆ ಹೇಳಿಸುವಂತಿಲ್ಲ. ಅದನ್ನು ಕೇಳಲೆಂದೇ ಇವತ್ತು ಸಂಜೆ ಬರುತ್ತಿದ್ದಾರೆ.

“ಇವತ್ತು ಅದೋ ನಾನೋ,” ಎಂದು ಚಾಳೀಸು ತೋಳೇರಿಸಿದ.

ಸಹಾಯವಾಣಿಗೆ ಫೋನು ಹಚ್ಚಿದ. ‘ನಿಮ್ಮ ಕರೆ ನಮಗೆ ಅತ್ಯಮೂಲ್ಯ’ ಎಂದು ಒಂದು ಹೆಣ್ಣುದನಿ ಜೋಗುಳ ಹಾಡಿತು. ಅವನು ಎರಡು ಸಲ ತೂಕಡಿಸಿ ಎದ್ದಮೇಲೆ ಒಬ್ಬ ಸಿಕ್ಕಿದ.

“ಹಳೇ ಆವೃತ್ತಿ ಹಾಕ್ಕೊಂಡ್ರೆ ಆಗುತ್ತೆ ಸಾರ್.”

“ಅದೆಲ್ಲಿದೆ?”

“ನಿಮ್ಮ ಬ್ಯಾಕಪ್ ಒಳಗೇ ಇರುತ್ತೆ ಸಾರ್.”

“ಬೀಗದ ಕೈ ಬೀರುವಿನೊಳಗಿದೆ ಅಂತೀರಾ?”

“ಹೌದು ಸಾರ್. ಬೇರೇನಾದ್ರೂ ಸಹಾಯ ಬೇಕಾ ಸಾರ್?”

ಪೆಟ್ಟಿಗೆಯ ಜೊತೆ ಒಂದು ಸಿ.ಡಿ. ಬಂದಿದ್ದು ಆಗ ನೆನಪಾಯಿತು. ಅದನ್ನು ಪಾರಿವಾಳ ಬೆದರಿಸಲು ಮಹಡಿ ಮನೆಯ ಅಜ್ಜಿಗೆ ದಾನ ಮಾಡಿದ್ದ. ಓಡಿದ. ಬಾಲ್ಕನಿಯಲ್ಲಿ ದಾರಕ್ಕೆ ನೇತುಬಿದ್ದು ಫಳಫಳ ತಿರುಗುತ್ತಿದ್ದ ಅದನ್ನು ಕಿತ್ತು ತಂದ. ಮೇಲಂಟಿದ್ದ ಪಾರಿವಾಳಗಳ ಸೇಡನ್ನು ಒರೆಸಿ ಒಳಗೆ ತಳ್ಳಿದ. ಓದಿತು!

‘ಉಳಿದ ಸಮಯ: ಮೂರು ನಿಮಿಷ’ ಎಂದಿತು ಪರದೆ. ಆಮೇಲೆ ‘ನಾಲ್ಕು ದಿನ’. ಆಮೇಲೆ ‘ಒಂದು ನಿಮಿಷ’. ಏಜೆಂಟ ಬಂದು ಹೆಗಲ ಮೇಲಿಂದ ಬಗ್ಗಿ, “ಕ್ಲೇಮು ಅಂದ್ರೇ ಹಾಗೆ, ತಾಳ್ಮೆ ಬೇಕು,” ಎಂದ. ಅಂತೂ ಶೇಕಡಾ ತೊಂಬತ್ತೊಂಬತ್ತು ಮುಟ್ಟಿತು ಎನ್ನುವಾಗ ಅಜ್ಜಿ ಇಳಿದು ಬಂದರು.

“ಏನಪ್ಪಾ, ನನ್ನ ತಟ್ಟೆ ಇಲ್ಲಿದೆಯಾ? ಮೇಲೆ ಪಾರಿವಾಳ ಸಂಸಾರ ಹೂಡ್ತಾ ಇವೆ!”

“ಅಜ್ಜೀ, ಇನ್ನೊಂದೇ ಒಂದು...”

“ತೊಂಬತ್ತೊಂಬತ್ತು ಬಂದಿದೆಯಲ್ಲೋ! ಇಷ್ಟು ಮಾರ್ಕ್ಸ್ ತಗೊಂಡೂ ಅಳೋರುಂಟಾ?” ಎಂದು ಅಜ್ಜಿ ಗುಂಡಿ ಒತ್ತಿ ಸಿ.ಡಿ. ಎಳೆದುಕೊಂಡರು.

‘ಮೊದಲಿನಿಂದ ಆರಂಭಿಸಿ,’ ಎಂದಿತು ಪರದೆ.

ಚಾಳೀಸು ಅಳಲಿಲ್ಲ. ಸಿ.ಡಿ. ಮರಳಿ ಇಸಿದುಕೊಂಡು, ಪಾರಿವಾಳ ಬೆದರಿಸುವ ಕೆಲಸಕ್ಕೆ ಏಜೆಂಟನನ್ನು ಅಜ್ಜಿಯ ಬಾಲ್ಕನಿಗೆ ಅಟ್ಟಿದ. ಬಾಗಿಲಿಗೆ ಅಗುಳಿ ಜಡಿದು ಮೊದಲಿನಿಂದ ಆರಂಭಿಸಿದ. ಊಟವಿಲ್ಲ, ನೀರಿಲ್ಲ. ರೆಪ್ಪೆ ಬಡಿದರೆ ಎಲ್ಲಿ ಓಡಿಹೋಗುತ್ತದೋ ಎಂಬಂತೆ ಪರದೆಯನ್ನೇ ದಿಟ್ಟಿಸಿದ.

ನೂರು ಬಂತು. ಕರೆಗಂಟೆಯೂ ಆಯಿತು. ಹೆಂಡತಿಯ ಹಿಂದೆ ಮಾವ.

“ಎಲ್ಲಿ ಅಳಿಯಂದ್ರೇ, ಹಾಕಿ ನೋಡೋಣ,” ಎಂದು ಪಿಸುಗುಟ್ಟಿದರು ಮಾವ. ಗೆದ್ದ ಹುರುಪಿನಲ್ಲಿ ಚಾಳೀಸು ‘ಮಾವ’ ಎಂದಿದ್ದ ಮೊದಲ ಕಡತವನ್ನೇ ಒತ್ತಿದ.

“ಗಮನಿಸಿ, ಗಮನಿಸಿ! ಮಾವನವರು ಅಡುಗೆಮನೆಗೆ ಆಗಮಿಸುತ್ತಿದ್ದಾರೆ. ಎಲ್ಲರೂ ತಮ್ಮ ತಮ್ಮ ತಟ್ಟೆಗಳನ್ನು ಭದ್ರವಾಗಿ ಹಿಡಿದುಕೊಳ್ಳತಕ್ಕದ್ದು!”

ಹಿಂದೆಯೇ ಹೆಂಡತಿಯ ಕಿಲಕಿಲ ನಗು.

ಅದು ಮಾವನ ದನಿಯಲ್ಲ. ಹೆಂಡತಿಯನ್ನು ನಗಿಸಲು ಚಾಳೀಸು ಮಾವನನ್ನು ಅಣಕಿಸಿದ್ದ ದನಿ! ಅವನು ಅಳಿಸಿಹಾಕಿ ಎಷ್ಟೋ ತಿಂಗಳಾಗಿತ್ತು. ಬ್ಯಾಕಪ್ಪು ಮಾತ್ರ ಅಳಿಸಿದ್ದನ್ನೂ ಜೋಪಾನವಾಗಿಟ್ಟು, ತೊಳೆದಿಟ್ಟ ಲೋಟದಂತೆ ಎಲ್ಲಕ್ಕಿಂತ ಮುಂದೆ ಇಟ್ಟಿತ್ತು. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಚಾಳೀಸು ಮುಚ್ಚಿಕೊಳ್ಳಲು ಏನೂ ಸಿಗದೆ ಕನ್ನಡಕ ತೆಗೆದ.

ಮಾವ ಕಣ್ಣು ಮುಚ್ಚಿ ಕೇಳಿದರು. ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದರು. ಕಣ್ಣಂಚು ಒದ್ದೆಯಾಯಿತು.

“ಇದು ಕಣ್ರೀ ನನ್ನ ಕಂಠ! ಪ್ಲಾಟ್‌ಫಾರಂ ನಡುಗಿಸ್ತಿದ್ದ ಕಂಠ! ನಾನು ಚರಿತ್ರೆ ಹೇಳೋ ಹೊತ್ತಿಗೇ ಗಂಟಲು ಕೆಟ್ಟಿತ್ತು. ಬರೀ ಗೊರಗೊರ.” ಹಾಗೆಂದವರೇ ಬಗ್ಗಿ, ಇವನು ಬೆಳಗಿನಿಂದ ಜೀವ ತೇಯ್ದು ತಂದ ತಮ್ಮ ಕಡತಗಳನ್ನೆಲ್ಲ ಒಟ್ಟಿಗೆ ಅಳಿಸಿಬಿಟ್ಟರು. ಬ್ಯಾಕಪ್ ಪೆಟ್ಟಿಗೆಯಲ್ಲಿದ್ದವನ್ನೂ ಬಿಡಲಿಲ್ಲ. “ನಾನು ಪಿಸುಗುಟ್ತೀನಿ, ನೀವು ಕೂಗಿ. ಮುಗಿಯೋವರೆಗೂ ಇಲ್ಲೇ ಇರ್ತೀನಿ.”

ಚಾಳೀಸು ಕನ್ನಡಕ ಮತ್ತೆ ಏರಿಸಿಕೊಂಡು ಪರದೆ ನೋಡಿದ. “ಎಲ್ಲೀವರೆಗೆ ಹೇಳಿ ಮುಗಿಸಿದ್ರಿ ಮಾವಾ?”

“ನಿವೃತ್ತಿವರೆಗೂ ಬಂದಿದ್ದೆ. ಆದ್ರೆ ಈಗ ನಾನಿನ್ನೂ ಹುಟ್ಟೇ ಇಲ್ವಲ್ಲ!” ಮಾವ ಅವನ ಬೆನ್ನು ತಟ್ಟಿದರು. “ನಾಳೆ ಹುಟ್ತೀನಿ. ಬೇಗ ಮಲಗಿ ಗಂಟಲು ಕಾಪಾಡ್ಕೊಳ್ಳಿ.”