ಚಳಿಗಾಳಿಯೂ ಮಾವನ ಕನ್ನಡಕಗಳೂ

೧೯೯೩ರಲ್ಲಿ ಒಂಬತ್ತನೇ ತರಗತಿಯನ್ನು ನಡುವೆಯೇ ಬಿಟ್ಟು ನಾನು ಓದಿಗೆ ಕೈಮುಗಿದೆ. ಮೇಷ್ಟರುಗಳು ಅವತ್ತೇ ನನ್ನ ಆಸೆ ಬಿಟ್ಟರು. ಬಿಡದೆ ಇವತ್ತಿಗೂ ಪಾಠ ಹೇಳುತ್ತಿರುವವನು ಒಬ್ಬನೇ, ನನ್ನ ಸೋದರಮಾವ. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕನ್ನು ಜರಡಿ ಹಿಡಿದರೂ ಇಂಥವನು ಇನ್ನೊಬ್ಬ ಸಿಗಲಾರ. ಜನ ದಾಯಾದಿಗಳ ಮೇಲೆ ಹಗೆ ಸಾಧಿಸುತ್ತಾರೆ, ಬೇಲಿ ಒತ್ತಿದವನ ಮೇಲೆ ಸಾಧಿಸುತ್ತಾರೆ. ನಮ್ಮ ಮಾವ ಹಗೆ ಸಾಧಿಸಿದ್ದು ಗಾಳಿಯ ಮೇಲೆ!

ಮೊದಲು ಅವನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಕೊಳ್ಳೇಗಾಲದಲ್ಲಿ ನನ್ನದು ರೇಷ್ಮೆ ಕೈಮಗ್ಗ. ಕೂಲಿಗೆ ನೇಯ್ದು, ಬೆನ್ನು ಬಗ್ಗಿಸಿ ದುಡಿದು, ಯಾರ ಮುಂದೆಯೂ ಕೈಚಾಚದೆ ಸ್ವಂತಕ್ಕೆ ಹಾಕಿಕೊಂಡದ್ದು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಮುಗಿಯುತ್ತ ಬಂದಾಗ ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ, ಒಂದೊಂದೂ ಕೂದಲಿಗಿಂತ ಸಣ್ಣ. ಒಂದು ತಪ್ಪಿ ಪಕ್ಕದ್ದಕ್ಕೆ ಕೂಡಿತೋ, ಸೀರೆಯ ಉದ್ದಕ್ಕೂ ಗೀರು! ಬೆರಳಿಗೆ ಚಿಟಿಕೆ ಬೂದಿ ಮುಟ್ಟಿಸಿಕೊಂಡು ಮಾವ ಕೂಡಿಸುತ್ತ ಕೂತರೆ ಬೆಳಗು ಹೋಗಿ ಸಂಜೆಯಾದದ್ದು ಅವನಿಗೆ ಗೊತ್ತಾಗುವುದಿಲ್ಲ. ನಮ್ಮ ಬೀದಿಯ ಮಗ್ಗದವರೆಲ್ಲ ಕರೆಯುತ್ತಿದ್ದದ್ದು ಅವನನ್ನೇ.

ಅವನ ಊರು ಯಳಂದೂರು ತಾಲ್ಲೂಕಿನ ಅಗರ. ಅಲ್ಲಿಂದ ದಿನಾ ಸೈಕಲ್ಲಿನಲ್ಲಿ ಬರುತ್ತಾನೆ. ಬಸ್ಸಿಲ್ಲವೆ? ಬೇಕಾದಷ್ಟಿವೆ. ಕೇಳಿ ನೋಡಿ.

"ಬಸ್ಸಲ್ಲಿ ಕುಂತ್ಕಂಡ್ ಬಂದ್ರೆ ಬೆರಳು ಮರಗಟ್ಟೋಯ್ತವೆ ಕಣ್ಲಾ ಅಳಿಯ. ಸೈಕಲ್ ತುಳುದ್ರೆ ನೆತ್ರು ಬೆರಳ ತುದೀಗ್ ಬತ್ತದೆ. ಒಂಬತ್ನೇ ಕ್ಲಾಸ್ ಪೂರ್ತಿ ಓದಿದ್ರೆ ನಿಂಗೂ ತಿಳೀತಿತ್ತು."

ಅವನು ಓದಿದ್ದು ಎಲ್ಲಿಯವರೆಗೆ ಅಂತೀರಾ? ಅದನ್ನು ಕೇಳುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ!

ಎರಡು ವರ್ಷದ ಹಿಂದಿನ ಮಾರ್ಗಶಿರದಲ್ಲಿ ರಗಳೆ ಶುರುವಾಯಿತು. ಗದ್ದೆ ಬಯಲಿನ ಮೇಲಿಂದ ಬೀಸುವ ಮುಂಜಾನೆಯ ಗಾಳಿ ಕಣ್ಣಿಗೆ ಹೊಡೆದು ಮಾವ ನೀರು ಸುರಿಸಿಕೊಂಡೇ ಬರತೊಡಗಿದ. ನಮ್ಮ ಪಕ್ಕದ ಮನೆಯ ಹೆಂಗಸು ಓಡಿಬಂದು, "ಯಾರ್ ತೀರ್ಕಂಡ್ರಣ್ಣೋ?" ಎಂದಳು.

"ಯಾರೂ ಇಲ್ಲ ಕಣಮ್ಮಿ, ಗಾಳಿ!"

ಕಣ್ಣು ಒಣಗುವವರೆಗೆ ಎಳೆ ಮುಟ್ಟುವ ಹಾಗಿಲ್ಲ. ಅಷ್ಟು ಹೊತ್ತೂ ನನಗೆ ಪಾಠ. ಹೀಗಾಗಿ ಮಾವನ ಕಣ್ಣಿಗೆ ಏನಾದರೂ ಅಡ್ಡ ಹಾಕುವುದು ಅವನಿಗಿಂತ ನನಗೇ ಹೆಚ್ಚು ತುರ್ತಾಯಿತು.

ಮೊದಲು ಬಂದದ್ದು ಸಂತೆಯಲ್ಲಿ ಕೊಂಡ ಕೂಲಿಂಗ್ ಗ್ಲಾಸು. ಕಾಡಿಗೆಗಿಂತ ಕಪ್ಪು. ಸೂರ್ಯನೇ ಹುಟ್ಟಿರದ ಹೊತ್ತಿಗೆ, ಮಂಜಿನಲ್ಲಿ, ಅದನ್ನು ಏರಿಸಿಕೊಂಡು ಹೊರಟ. ನಮ್ಮ ಕಡೆ ಈಗ ಕಣ ಎಂದರೆ ಡಾಂಬರು ರಸ್ತೆ. ಬಸ್ಸು ಲಾರಿ ಹರಿದು ಕಾಳು ಉದುರಲಿ ಎಂದು ಹುರುಳಿಗಿಡ ಹರಡಿರುತ್ತಾರೆ. ಮಾವ ಸೈಕಲ್ ಸಮೇತ ಹುರುಳಿಯ ರಾಶಿಯೊಳಗೆ ಹೋಗಿ ಮಲಗಿದ. ರಾಶಿ ಕಾಯುತ್ತಿದ್ದ ಅಜ್ಜಿ ಬಂದು ನೋಡಿ, "ನಿನ್ ಸೈಕಲ್‌ಗೆ ಎಷ್ಟ್ ಕಾಳ್ ಉದುರ್ತದೆ ಅಂತ ನುಗ್ದೆ ಯಜಮಾನ? ಲಾರಿಗ್ ಬುಡು ಆ ಕೆಲ್ಸವ!" ಎಂದಳಂತೆ. ಅವತ್ತು ಸಂಜೆಯವರೆಗೂ ಮಾವನ ಅಂಗಿಯಿಂದ ಹುರುಳಿ ಉದುರುತ್ತಲೇ ಇತ್ತು.

ಆಮೇಲೆ ವೆಲ್ಡಿಂಗ್ ಅಂಗಡಿಯ ಗೆಳೆಯ ಕೊಟ್ಟ ಹಸಿರು ಕನ್ನಡಕ. ಗಾಳಿಯೇನೋ ಒಳಗೆ ನುಸುಳಲಿಲ್ಲ. ಆದರೆ ಅಂದು ನನ್ನ ಮನೆಯಲ್ಲಿ ಮಗ್ಗದ ಪೂಜೆ, ಬಾಳೆಹಣ್ಣು ತಾ ಎಂದಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ಗಲಾಟೆ ಕೇಳಿ ಹೋಗಿ ನೋಡಿದರೆ, ಮಾವ ಹಣ್ಣಿನ ಗಾಡಿಯವನ ಮೇಲೆ ಕೂಗಾಡುತ್ತಿದ್ದಾನೆ.

"ಪೂಜೆಗ್ ಕಾಯಿ ಕೊಡ್ತೀಯೇನ್ಲಾ? ದೇವರ್ಗೇನ್ ಬಾಳೆಕಾಯಿ ಪಲ್ಯ ಮಾಡಾನ?"

"ಮೊದ್ಲು ಆ ಕನ್ನಡಕ ತೆಗ್ದು ನೋಡಿ ಯಜಮಾನ್ರೆ!" ಎಂದು ಗಾಡಿಯವನು ಅಳುವುದೊಂದು ಬಾಕಿ.

ಮಾವ ಕನ್ನಡಕ ತೆಗೆದ. ಹಣ್ಣನ್ನು ನೋಡಿದ. ಗಾಡಿಯವನನ್ನು ನೋಡಿದ. "ಈಗ್ ಹಣ್ಣಾದೋ ನೋಡು, ನಾನ್ ಬೈದಿದ್ಕೆ" ಎಂದು ಒಂದು ಚಿಪ್ಪು ಎತ್ತಿಕೊಂಡ!

ಇಷ್ಟಕ್ಕೇ ನಿಂತಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಮೂರನೆಯದು, ಈ ವರ್ಷದ ಚಳಿಗೆ ಬಂದದ್ದು, ಎಡವಟ್ಟಾಯಿತು. ಅವನ ಪಕ್ಕದ ಮನೆಯ ಅತ್ತೆಮ್ಮನಿಗೆ ಕಣ್ಣಿನ ಶಿಬಿರದಲ್ಲಿ ಪೊರೆ ತೆಗೆದು ದೊಡ್ಡ ಕನ್ನಡಕ ಕೊಟ್ಟಿದ್ದರು. ಕಿವಿಯವರೆಗೂ ಮುಚ್ಚುವಂಥದು, ಕಪ್ಪಿನದು. ಅವಳು ಮೂಲೆಗಿಟ್ಟಿದ್ದನ್ನು ಮಾವ ಕೇಳಿ ತಂದ. "ಮೂರ್ ಕಡೆಯಿಂದ್ಲೂ ಬಂದೋಬಸ್ತು ಕಣ್ಲಾ, ಬಿಸ್ಲು ಬರೋವರ್ಗೂ ಮೆಲ್ಲಗ್ ತುಳುದ್ರಾಯ್ತು" ಎಂದ. ಗಾಳಿ ಸೋತಿತು. ಮಾವ ಗೆದ್ದ.

ಆದರೆ ಆ ಕನ್ನಡಕ ಯಾರ ಮುಖದ ಮೇಲೆ ಕಂಡರೂ ಏನರ್ಥವೆಂದು ಮೂರು ತಾಲ್ಲೂಕಿಗೂ ಗೊತ್ತು! ಮೊದಲ ದಿನ ಟೀ ಅಂಗಡಿಯವನು ಲೋಟವನ್ನು ಅವನ ಕೈಗೇ ಇಟ್ಟು ಬೆರಳು ಮಡಿಸಿದ. ಎರಡನೆಯ ದಿನ ಯಾರೋ ಕೈಹಿಡಿದು ರಸ್ತೆ ದಾಟಿಸಿದರು. ಮಾವನಿಗೆ ದಾಟಬೇಕಾಗಿಯೇ ಇರಲಿಲ್ಲ. ಆ ವಾರದಲ್ಲೇ ಸುದ್ದಿ ಹನೂರು ಮುಟ್ಟಿ, ಅಲ್ಲಿಗೆ ಕೊಟ್ಟಿರುವ ಅವನ ಮಗಳು ಅಳುತ್ತ ಬಸ್ಸು ಹತ್ತಿ ಬಂದಳು. ನನ್ನ ಮಗ್ಗದ ಮನೆಯ ಬಾಗಿಲಲ್ಲೇ ನಿಂತು, "ಅಪ್ಪಾ, ನಾನ್ಯಾರು ಅಂತ ಗೊತ್ತಾಯ್ತದಾ?" ಎಂದಳು.

"ಹೋದ್ ಸಲ ಬಂದಾಗ ನನ್ ಛತ್ರಿ ತಕಂಡೋದವಳಲ್ವಾ? ಎಲ್ಲವ್ವಾ ಅದು?"

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಆದರೆ ಬೀದಿ ನಗಲಿಲ್ಲ. ಒಬ್ಬ ಮಗ್ಗದವನು ಕೂಡಿಸುವುದಕ್ಕೆ ಬೇರೆಯವರನ್ನು ಕರೆಸಿಕೊಂಡ. ಮತ್ತೊಬ್ಬ, "ಅಣ್ಣಂಗ್ ಯಾಕ್ ತೊಂದ್ರೆ ಕೊಡೋದು, ಕಣ್ ಸರಿ ಇಲ್ವಂತೆ" ಎಂದ. ಕರೆಯುವ ಮನೆಗಳು ಒಂದೊಂದಾಗಿ ಕಡಿಮೆಯಾದವು. ಕೆಲಸ ಉಳಿಸಿಕೊಳ್ಳಲು ಕಣ್ಣು ಕಾಯ್ದ ಮನುಷ್ಯನಿಗೆ, ಕಣ್ಣು ಕಾಯ್ದದ್ದರಿಂದಲೇ ಕೆಲಸ ಹೋಗುವುದೆಂದರೆ!

ನನಗೆ ರೇಗಿತು. "ನಡಿ ಮಾವ, ಸರಿಯಾದ್ದೊಂದು ಕೊಡಿಸ್ತೀನಿ" ಎಂದು ಕನ್ನಡಕದ ಅಂಗಡಿಗೆ ಕರೆದೊಯ್ದೆ.

"ಪವರ್ ಎಷ್ಟು?" ಎಂದ ಅಂಗಡಿಯವನು.

"ಪವರ್ ನನ್ ಕಾಲಲ್ಲಿ ಅದೆ ಸಾ. ಗಾಳಿ ತಡುದ್ರೆ ಸಾಕು. ಬಣ್ಣ ಬ್ಯಾಡ."

ಮಾವ ಕೊಳ್ಳುವ ವೈಖರಿಯನ್ನು ನೀವು ನೋಡಬೇಕಿತ್ತು! ಸ್ಟೂಲಿನ ಮೇಲೆ ಕೂತು, ಮಫ್ಲರ್ ಬಿಗಿದು, ಟೇಬಲ್ ಫ್ಯಾನನ್ನು ಮುಖಕ್ಕೆ ತಿರುಗಿಸಿಕೊಂಡು, ಬರಿಗಾಲಲ್ಲಿ ಗಾಳಿಯನ್ನೇ ತುಳಿಯತೊಡಗಿದ. ಒಂದು ಕನ್ನಡಕಕ್ಕೆ ಪಕ್ಕದಿಂದ ಗಾಳಿ ಬಂತು. ಇನ್ನೊಂದು ಮುಖಕ್ಕೆ ಎಷ್ಟು ಅಂಟಿ ಕೂತಿತೆಂದರೆ, ಮಫ್ಲರಿನಿಂದ ಮೇಲೇರಿದ ಉಸಿರಿಗೆ ಗಾಜು ಮಂಜು ಹಿಡಿಯಿತು.

"ದಾರೀಲಿ ಬಾಯಿ ಮುಚ್ಕಂಡ್ ಬಂದ್ರೆ ಇಷ್ಟೊಂದು ಮಂಜಾಗಲ್ಲ ಯಜಮಾನ್ರೆ."

"ಅದು ನನ್ ಕೈಲಾಗದ ಮಾತು. ಬ್ಯಾರೆ ತೋರ್ಸಿ ಸಾ."

ಕೊನೆಗೊಂದು ಒಪ್ಪಿಗೆಯಾಯಿತು. ನೀರಿನಂತೆ ತಿಳಿಯಾದ ಗಾಜು, ಕೆನ್ನೆಯವರೆಗೆ ಬಾಗಿದ್ದು, ಉಸಿರು ಹೋಗಲು ಮೇಲೆ ಸಣ್ಣ ಸಂದಿ. ಮಾವ ಗೆದ್ದವನಂತೆ ಎದ್ದ. ಅಂಗಡಿಯವನಿಗೆ ಏನನ್ನಿಸಿತೋ, ಎಡಗಣ್ಣು ಮುಚ್ಚಿಕೊಂಡು ಗೋಡೆಯ ಬೋರ್ಡು ಓದಲು ಹೇಳಿದ.

ಮಾವ ಕತ್ತು ಚಾಚಿ ಗೋಡೆಯ ಉದ್ದಕ್ಕೂ ನೋಡಿದ. ಆಮೇಲೆ, "ಬೋರ್ಡೇ ನೇತಾಕಿಲ್ವಲ್ಲ ಸಾ" ಎಂದ.

ಅಂಗಡಿಯವನು ಟಾರ್ಚ್ ಬಿಟ್ಟು ನೋಡಿದ. ಬಲಗಣ್ಣಿಗೆ ಪೊರೆ ಬಂದಿದೆ, ಆಸ್ಪತ್ರೆಗೆ ತೋರಿಸಿ, ಆಪರೇಷನ್ ಬೇಕಾಗಬಹುದು ಎಂದ.

"ಕನ್ನಡಕ ಆಗ್ಲೇ ಮನೇಲದೆ ಸಾ. ಆಪರೇಸನ್ ಒಂದೇ ಬಾಕಿ!"

ಅಂಗಡಿಯವನು ಜೋರಾಗಿ ನಕ್ಕ. ನನಗೆ ನಗು ಬರಲಿಲ್ಲ.

ಹೊರಗೆ ಬಂದು ಸೈಕಲ್ ತಳ್ಳಿಕೊಂಡು ನಡೆಯುವಾಗ ಕೇಳಿದೆ. "ನಿಂಗೆ ಗೊತ್ತಿತ್ತಾ ಮಾವ?"

"ಗಾಳಿಗೆ ಬರೋ ನೀರು ಗಾಳಿ ನಿಂತ್ಮ್ಯಾಲೆ ನಿಲ್ತದೆ ಕಣ್ಲಾ. ಮಬ್ಬು ನಿಲ್ನಿಲ್ಲ."

"ಮತ್ತೆ ಯಾಕ್ ಹೇಳ್ಲಿಲ್ಲ?"

"ಪೊರೆ ಬಂದದೆ ಅಂದ್ರೆ ಎಳೆ ಕೂಡ್ಸಾಕೆ ಯಾರ್ ಕರೀತಾರ್ಲಾ? ಗಾಳಿ ಅಂದ್ರೆ ನಗ್ತಾರೆ. ನಕ್ಕೋರು ಮತ್ತೆ ಕರೀತಾರೆ." ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅಂದ: "ಬೆರಳಿಗೆ ಗೊತ್ತಾಯ್ತದೆ ಅಂತ ನಡೆಸ್ಕಂಡ್ ಬಂದೆ. ನಿನ್ ಸೀರೇಲಿ ಒಂದ್ ಗೀರು ಬಿದ್ದಿದ್ರೆ ಅವತ್ತೇ ಬುಟ್ಬುಡ್ತಿದ್ದೆ."

ಬಿದ್ದಿರಲಿಲ್ಲ.

ಮೊನ್ನೆ ಅವನಿಗೆ ಆಪರೇಷನ್ ಆಯಿತು. ಡಾಕ್ಟರು ಹೇಳುವವರೆಗೂ ಸೈಕಲ್ ತುಳಿಯುವಂತಿಲ್ಲ, ಸಣ್ಣ ಎಳೆಯ ಕೆಲಸ ಮಾಡುವಂತಿಲ್ಲ. ಇತ್ತ ನನ್ನ ಒಂದು ಮಗ್ಗದ ಹಾಸು ಮುಗಿದಿದೆ. ಕೂಡಿಸುವವರು ಊರಲ್ಲಿ ಬೇರೆಯವರೂ ಇದ್ದಾರೆ, ಕರೆದರೆ ನಾಳೆಯೇ ಬರುತ್ತಾರೆ. ಸುದ್ದಿ ತಿಳಿದ ಮಾವ ಫೋನಿನಲ್ಲಿ ಉಗಿದ.

"ಮಗ್ಗ ನಿಲ್ಸಿದ್ದೀಯಂತೆ? ಬುದ್ದಿ ಅದಾ ನಿಂಗೆ? ಬ್ಯಾರೆಯೋರ್ನ ಕರ್ಸು!"

"ನಾನು ಒಂಬತ್ನೇ ಕ್ಲಾಸ್ ಪೂರ್ತಿ ಓದಿಲ್ವಲ್ಲ ಮಾವ" ಎಂದೆ.

ಆ ಕಡೆಯಿಂದ ಮೂಗೇರಿಸಿದ್ದು ಕೇಳಿಸಿತು. ಆಮೇಲೆ, "ಧೂಳ್ ಕೂರ್ದಂಗೆ ಬಟ್ಟೆ ಮುಚ್ಚಿದ್ದೀಯಾ?" ಎಂದ. ಮುಚ್ಚಿದ್ದೇನೆ ಎಂದೆ.

ಈಗ ನನ್ನ ಹತ್ತಿರ ಇರುವುದು ನಾಲ್ಕು ಮಗ್ಗ. ಮೂರು ನಡೆಯುತ್ತಿವೆ. ಹೊಸ ಹಾಸು ಒಂದು, ಬಟ್ಟೆ ಮುಚ್ಚಿಟ್ಟದ್ದು. ಮಾವ ಒಬ್ಬ.