ಮೂರು ನಿಮಿಷಕ್ಕೆ ಮೂರು ಪುಟ

ನನ್ನ ಸೋದರಮಾವ ಹಾಲಿವುಡ್ಡಿನ ಬರಹಗಾರರು ಎಂದರೆ ಯಾರೂ ನಂಬುವುದಿಲ್ಲ. ನಂಬದವರ ತಪ್ಪೂ ಇಲ್ಲ. ಹದಿನಾರು ವರ್ಷ ಬರೆದರೂ ಅವರ ಹೆಸರು ಒಮ್ಮೆಯೂ ತೆರೆಯ ಮೇಲೆ ಬಂದಿಲ್ಲ! ಬೇರೆಯವರು ಬರೆದು ಕೆಡಿಸಿದ ಸಂಭಾಷಣೆಯನ್ನು ರಿಪೇರಿ ಮಾಡಿಕೊಡುವುದು ಅವರ ಕಸುಬು. ಲಾಸ್ ಏಂಜಲೀಸಿನಿಂದ ಅಂಚೆಯಲ್ಲಿ ಚಿತ್ರಕಥೆಯ ಕಟ್ಟು ಬರುತ್ತಿತ್ತು. ಓಕ್ಲ್ಯಾಂಡಿನ ತಮ್ಮ ಅಡುಗೆಮನೆಯಲ್ಲಿ ಕೂತು ಮಾವ ತಿದ್ದುತ್ತಿದ್ದರು. ಅವರು ತಿದ್ದಿದ್ದನ್ನು ಅಲ್ಲಿ ಇನ್ನೊಬ್ಬರು ತಿದ್ದುತ್ತಿದ್ದರು. ಕೊನೆಗೆ ಮಾವನದು ಎಂದು ಏನುಳಿಯಬೇಕು?

ಒಮ್ಮೆ ಉಳಿಯಿತು. ಒಂದು ಸಾಲು! ಹನ್ನೊಂದು ಜನರನ್ನು ಎರಡು ಕಾರುಗಳಲ್ಲಿ ತುಂಬಿಕೊಂಡು ಸ್ಯಾನ್ ಹೊಸೆಯ ಥಿಯೇಟರಿಗೆ ಹೋದೆವು. ಒಂದೂಕಾಲು ಗಂಟೆ ಕಾದ ಮೇಲೆ ಚಿತ್ರದಲ್ಲಿ ಹೋಟೆಲಿನ ಮಾಣಿಯೊಬ್ಬ ಬಂದು, "ಇನ್ನೇನಾದರೂ ಬೇಕೇ, ಸಾರ್?" ಎಂದ. ಸರಿಯಾಗಿ ಆಗಲೇ ಮಾವನ ಹೆಂಡತಿ, ನನ್ನ ಅತ್ತೆ, ಸೀನಿದರು.

"ಇನ್ನೊಂದ್ಸಲ ಹೇಳ್ತಾನೇನ್ರೀ?"

ಮಾವ ಎದ್ದು ಹೋಗಿ ಕಾರಿನಲ್ಲಿ ಕೂತರು.

ಅವರಿಗೆ ನಿಜವಾದ ಬೇಡಿಕೆ ಇದ್ದದ್ದು ನಮ್ಮ ಜನರಲ್ಲಿ. ಆಗ ಊರಿಗೆ ಫೋನು ಮಾಡಿದರೆ ದುಬಾರಿಯೆಂದು ಎಲ್ಲರೂ ಮೂರೇ ನಿಮಿಷ ಮಾತಾಡುತ್ತಿದ್ದರು, ಅದರಲ್ಲಿ ಎರಡು ನಿಮಿಷ "ಹಲೋ, ಕೇಳಿಸ್ತಾ?" ಎನ್ನುವುದರಲ್ಲೇ ಹೋಗುತ್ತಿತ್ತು. ಚಿತ್ರಕಥೆಯಲ್ಲಿ ಒಂದು ಪುಟವೆಂದರೆ ತೆರೆಯ ಮೇಲೆ ಒಂದು ನಿಮಿಷ. ಸರಿ, ಫೋನಿಗೂ ಮೂರು ಪುಟ ಬರೆದುಕೊಡತೊಡಗಿದರು! ಭಾನುವಾರ ಬೆಳಗ್ಗೆ ಪಾಲೋ ಆಲ್ಟೋದಲ್ಲಿ ಓದುತ್ತಿದ್ದ ನಾನು ಹಾಸ್ಟೆಲಿನಿಂದ ಮಾವನ ಮನೆಗೆ ಬರುವಷ್ಟರಲ್ಲಿ ಯಾರಾದರೂ ಬಂದು ಕೂತಿರುತ್ತಿದ್ದರು. ಒಮ್ಮೆ ಉಡುಪಿಯ ಹೆಂಗಸೊಬ್ಬರು.

"ಮಗಳ ಮದುವೆ ವಿಷಯ ಮೂರನೇ ಪುಟಕ್ಕೆ ಬಂದ್ರೆ ಹೇಗಮ್ಮಾ? ಮೊದಲ್ನೇ ಸಾಲಿಗೆ ತನ್ನಿ!"

"ಅತ್ತಿಗೆಯ ಕ್ಷೇಮ ಕೇಳುದು ಬೇಡವಾ?"

"ಅತ್ತಿಗೆ ಪಾತ್ರ ತೆಗೆದುಹಾಕಿದ್ದೀನಿ."

"ಹೌದಾ? ನಿಜವಾಗಿಯೂ ತೆಗೀಲಿಕ್ಕೆ ಆಗ್ತದಾ, ಸಾರ್?"

ಒಂದು ಫೆಬ್ರವರಿಯಲ್ಲಿ ಮೈಸೂರಿನಲ್ಲಿ ಅಜ್ಜಿಗೆ, ಎಂದರೆ ಮಾವನ ತಾಯಿಗೆ, ಲಕ್ವ ಹೊಡೆಯಿತು. ಮಾತು ನಿಂತುಹೋಯಿತು. ಮಾವನಿಗೆ ವಿಮಾನದಲ್ಲಿ ಸೀಟು ಸಿಕ್ಕಿದ್ದು ಗುರುವಾರಕ್ಕೆ. ಅಜ್ಜಿ ಅಷ್ಟು ದಿನ ಉಳಿಯುತ್ತಾಳೆಂದು ಡಾಕ್ಟರು ಹೇಳಿರಲಿಲ್ಲ.

ಭಾನುವಾರ ಬೆಳಗ್ಗೆ ಮಾವ ಬರೆದರು, ಹರಿದರು, ಮತ್ತೆ ಬರೆದರು.

"ಅವಳ ಮಾತೇ ಇಲ್ವಲ್ಲೇ. ಎಲ್ಲಾ ನಾನೇ ಹೇಳ್ಬೇಕು. ಒಬ್ಬನೇ ಮಾತಾಡೋ ಸೀನು ನಿಲ್ಲಲ್ಲ ಕಣೇ."

"ಏನಾದ್ರೂ ಹೇಳಿ ಮಾವ. ನಿಮ್ಮ ದನಿ ಕೇಳಿದ್ರೆ ಸಾಕು ಅವಳಿಗೆ."

ಲೈನು ಸಿಕ್ಕಿತು. ಆ ಕಡೆ ನನ್ನ ಅಮ್ಮ ರಿಸೀವರನ್ನು ಅಜ್ಜಿಯ ಕಿವಿಗೆ ಹಿಡಿದಿದ್ದಳು. ಮಾವ "ಅಮ್ಮಾ, ನಾನು" ಎಂದರು. ಅಷ್ಟೇ. ಮೂರು ಪುಟಗಳೂ ಕೈಯಲ್ಲೇ ಇದ್ದವು. ಓದಲಿಲ್ಲ, ಕೆಳಗೂ ಇಡಲಿಲ್ಲ. ಮೂರು ನಿಮಿಷ ಆಯಿತು, ಹತ್ತಾಯಿತು. ಲೈನು ಕಟ್ಟಾಗಿರಬಹುದೇ? ನಾನು ಹತ್ತಿರ ಹೋದೆ.

ಮಾವ ಫೋನಿನ ಬಾಯಿಗೆ ಅಂಗೈ ಮುಚ್ಚಿದರು.

"ಸುಮ್ನಿರು. ಉಸಿರು ಕೇಳಿಸ್ತಿದೆ."

ಇನ್ನೊಂದು ಕಿವಿಯನ್ನು ಪುಟಗಳಿದ್ದ ಕೈಯಿಂದಲೇ ಒತ್ತಿಕೊಂಡು ಕಣ್ಣು ಮುಚ್ಚಿದರು. ಅವರ ಬೆನ್ನ ಹಿಂದೆ ಫ್ರಿಜ್ಜು ಗುರ್ ಎನ್ನತೊಡಗಿತು. ನಾನು ಹೋಗಿ ಅದರ ಪ್ಲಗ್ಗು ಕಿತ್ತೆ. ಅಲ್ಲೇ ನೆಲದ ಮೇಲೆ ಕೂತೆ.