ಕೆನಡಾದ ಹಾಡುಗಾರ್ತಿ ಮತ್ತು ಮಾವಶಿಯ ಬೀಸುವ ಕಲ್ಲು

ಎಲ್ಲರ ಮನೆಗೂ ಅತಿಥಿಗಳು ಬರುತ್ತಾರೆ, ಉಂಡು ಹೋಗುತ್ತಾರೆ. ನನ್ನ ಪಾಲಿಗೆ ಬಂದವರು ಮಾತ್ರ ನನ್ನನ್ನೊಂದು ಫಜೀತಿಗೆ ಸಿಕ್ಕಿಸದೆ ಹೋದದ್ದೇ ಇಲ್ಲ. ನಾನು ಸಾಂಗ್ಲಿಯ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷದಿಂದ ಇಂಗ್ಲಿಷ್ ವ್ಯಾಕರಣ ಕಲಿಸುತ್ತಿದ್ದೇನೆ. ಹೋದ ಚಳಿಗಾಲದಲ್ಲಿ ಕೆನಡಾದಿಂದ ಒಬ್ಬ ಹಾಡುಗಾರ್ತಿ ಬಂದಳು. ತಾನೇ ಹಾಡು ಕಟ್ಟಿ, ಗಿಟಾರ್ ಬಾರಿಸಿಕೊಂಡು ಹಾಡುವಾಕೆ. ನಮ್ಮ ಕಡೆಯ ಹೆಣ್ಣುಮಕ್ಕಳು ಕಟ್ಟಿದ ಹಾಡು ಕೇಳಬೇಕಂತೆ. ಪ್ರಿನ್ಸಿಪಾಲರು ಆಕೆಯನ್ನು ನನಗೆ ಒಪ್ಪಿಸಿ, ಏನಾದರೂ ಹೆಚ್ಚುಕಡಿಮೆಯಾದರೆ ನೀವೇ ಜವಾಬ್ದಾರರು ಎಂದರು. ಅಂದಿನಿಂದ ನನಗೆ ಅನ್ನ ಸೇರಲಿಲ್ಲ.

ಸ್ವಾಗತ

ಮಿರಜ ಸ್ಟೇಷನ್ನಿಗೆ ಒಂದು ತಾಸು ಮೊದಲೇ ಹೋಗಿ ನಿಂತೆ. ವ್ಯಾಕರಣ ಕಲಿಸುವುದು ಬೇರೆ, ಇಂಗ್ಲಿಷಿನವರ ಎದುರು ಇಂಗ್ಲಿಷ್ ಮಾತಾಡುವುದು ಬೇರೆ. ಸ್ವಾಗತದ ಒಂದು ಉದ್ದ ವಾಕ್ಯವನ್ನು ಕರ್ತೃ, ಕರ್ಮ ಎಲ್ಲ ಸರಿಮಾಡಿ, ಪ್ಲಾಟ್‌ಫಾರ್ಮಿನ ತುಂಬ ಅಡ್ಡಾಡುತ್ತ ಬಾಯಿಪಾಠ ಮಾಡಿದೆ. ಆಕೆ ಇಳಿದಳು. ಉಸಿರು ಬಿಗಿಹಿಡಿದು ಇಡೀ ವಾಕ್ಯ ಒಪ್ಪಿಸಿದೆ.

ಆಕೆ ಗಮನವಿಟ್ಟು ಕೇಳಿದಳು. ಆಮೇಲೆ ಬಹಳ ವಿನಯದಿಂದ, ಕ್ಷಮಿಸಬೇಕು, ತನಗೆ ಮರಾಠಿ ಬರುವುದಿಲ್ಲ ಎಂದಳು.

ಗಿಟಾರಿನ ಉಪಚಾರ

ಪ್ರಯಾಣದಲ್ಲಿ ಗಿಟಾರು ಸಣ್ಣಗೆ ಬಿರುಕು ಬಿಟ್ಟಿತ್ತು. ಅದು ಆಕೆಯ ತೀರಿಹೋದ ತಾಯಿಯದು. ತಾಯಿಯೂ ಅದನ್ನೇ ಹೊತ್ತು ಊರೂರು ಹಾಡಿದವಳು. ಮಿರಜಿನಲ್ಲಿ ತಂಬೂರಿ ಮಾಡುವ ಮುದುಕ ಮಿಸ್ತ್ರಿಯೊಬ್ಬರ ಹತ್ತಿರ ಒಯ್ದೆ. ಸಂಜೆಗೆ ಬರ್ರಿ ಎಂದರು.

ಸಂಜೆ ಹೋದಾಗ ಬಿರುಕು ಕಾಣದಂತೆ ಕೂಡಿತ್ತು. "ದನಿ ಬಾಳ ಸಪ್ಪಗಿತ್ರಿ," ಎಂದರು ಮಿಸ್ತ್ರಿ. "ಅದಕ್ಕ ತಂತಿ ಬುಡಕಿನ ಪಟ್ಟಿ ತಿಕ್ಕಿ, ತಂಬೂರಿಗಿ ಕೊಟ್ಟಂಗ ಜವಾರಿ ಕೊಟ್ಟೇನಿ, ಈಗ ತಂತಿ ನಡುಗಿ ಝೇಂಕರಿಸ್ತೈತಿ."

ಆಕೆ ಒಂದು ತಂತಿ ಮೀಟಿದಳು. ಗಿಟಾರು ಜೇನುಹುಳದಂತೆ ಝೇಂ ಎಂದಿತು. ಆಕೆಯ ಕಣ್ಣಲ್ಲಿ ನೀರು ಬಂತು. ತಾಯಿಯ ಗಿಟಾರು ಹಾಳಾಯಿತು, ಕೆನಡಾ ಸರಕಾರದಿಂದ ಕಾಲೇಜಿಗೆ ಪತ್ರ ಬಂತು, ನನ್ನ ನೌಕರಿ ಹೋಯಿತು ಎಂದು ನಿಂತಲ್ಲೇ ಎಲ್ಲ ಕಂಡೆ. ಆಕೆ ಮೆಲ್ಲಗೆ, ಮುಪ್ಪಿನಲ್ಲಿ ಅವ್ವನ ದನಿಯೂ ಹೀಗೇ ಇತ್ತು ಎಂದಳು. ಇನ್ನೊಮ್ಮೆ ಮೀಟಿದಳು.

ಮಿಸ್ತ್ರಿ ನನಗೊಂದು ಸ್ಟೂಲು ಸರಿಸಿದರು. "ಕುಂದ್ರಿ ಸರ್. ನಿಮ್ಮ ಕಾಲಿಗೆ ನಾ ಏನೂ ಮಾಡಿಲ್ಲ, ಆದ್ರೂ ಜವಾರಿ ಬಂದೈತಿ."

ಮಾಲಗಾಂವದ ಹಾಡು

ಮರುದಿನ ಮಾಲಗಾಂವಕ್ಕೆ, ನನ್ನ ಮಾವಶಿಯ, ಎಂದರೆ ಅವ್ವನ ತಂಗಿಯ ಮನೆಗೆ. ಮಾವಶಿ ಕನ್ನಡದ ಮನೆಯ ಮಗಳು, ಮರಾಠಿ ಮನೆಯ ಸೊಸೆ. ಈಗಲೂ ದಿನಾ ಮುಂಜಾನೆ ಒಂದು ಹಿಡಿ ಜೋಳವಾದರೂ ಬೀಸುತ್ತ, ತಾನೇ ಕಟ್ಟಿದ ಕನ್ನಡದ ಹಾಡು ಹಾಡುತ್ತಾಳೆ. ಆಕೆಯ ಗಂಡ ಕಾಕಾನಿಗೆ ಕನ್ನಡದ ಗಂಧವಿಲ್ಲ.

ಹಾಡುಗಾರ್ತಿ ಕಲ್ಲಿನ ಇನ್ನೊಂದು ಬದಿಗೆ ಕೂತು ಗೂಟ ಹಿಡಿದಳು. ಮಾವಶಿ ದನಿ ತೆಗೆದಳು:

ಮಾರುದ್ದ ಹೊತ್ತೇರಿ ಕೌದಿ ಬಿಟ್ಟೇಳಲಿಲ್ಲ
ರೊಟ್ಟಿ ಸುಡುವಾಗ ಎದ್ದಾನ ನನರಾಯ
ಬೆಣ್ಣಿ ಎಲ್ಲೆಂದು ಕೇಳ್ಯಾನ

ನಾನು ಆಕೆಯ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಅರ್ಥ ಹೇಳುತ್ತಿದ್ದೆ. ತಲೆಯೆತ್ತಿ ನೋಡಿದರೆ ಬಾಗಿಲಲ್ಲಿ ಕಾಕಾ, ಕಣ್ಣು ಮುಚ್ಚಿ, ಕೈ ಮುಗಿದು ನಿಂತಿದ್ದಾನೆ. ಮದುವೆಯಾದಾಗಿನಿಂದ ತಾನು ಏಳುವುದೇ ಈ ದೇವರ ಹಾಡು ಕೇಳಿ, ಅರ್ಥ ಸರಿಯಾಗಿ ಹೇಳು ಎಂದು ಮರಾಠಿಯಲ್ಲಿ ನನಗೆ ತಾಕೀತು ಮಾಡಿದ. ಎಲ್ಲಿ ಬಾಯಿತಪ್ಪಿ ಮರಾಠಿ ಬಂದೀತೋ, ಇಷ್ಟು ವರ್ಷದ ಸಂಸಾರ ನನ್ನ ಅನುವಾದದಲ್ಲಿ ಮುರಿದೀತೋ ಎಂದು ಹಾಡುಗಾರ್ತಿಯ ಕಿವಿಗೆ ಇನ್ನಷ್ಟು ಬಾಗಿದೆ.

ಹಾಡುಗಾರ್ತಿ ಹೇಳಿದಳು: ತಮ್ಮ ದೇಶದಲ್ಲೂ ಎಷ್ಟೋ ಹೆಂಗಸರು ಇಂಥದೇ ಹಾಡು ಕಟ್ಟುತ್ತಾರೆ. ಆಕೆಯೂ ಗಂಡನ ಮೇಲೊಂದು ಕಟ್ಟಿ ವೇದಿಕೆಯಲ್ಲಿ ಹಾಡಿದ್ದಳು. ಮುಂದಿನ ಸಾಲಿನಲ್ಲೇ ಕೂತಿದ್ದ ಗಂಡ ಪೂರ್ತಿ ಕೇಳಿ, ಮರುವಾರ ಮನೆ ಬಿಟ್ಟು ಹೋದ.

ದನಿ ತಗ್ಗಿಸಿ ಇದನ್ನು ಕನ್ನಡದಲ್ಲಿ ಮಾವಶಿಗೆ ಹೇಳಿದೆ. ಮಾವಶಿ ಕಲ್ಲು ನಿಲ್ಲಿಸಲಿಲ್ಲ.

"ಹುಚ್ಚಿ, ಗಂಡಗ ತಿಳಿಯೋ ಭಾಷಾದಾಗ ಯಾಕ ಹಾಡಿದ್ಲು? ನಮ್ಮವರನ್ನ ನೋಡಂತ ಹೇಳು. ಐವತ್ತ ವರ್ಷ ಆತು, ದಿನಾ ಕೈ ಮುಗೀತಾರ."